ಮಳೆಗಾಲದಲ್ಲಿ ಘಟ್ಟ ಇಳಿಯುವ ಮುನ್ನ: ಬೆಂಗಳೂರು–ಕರಾವಳಿ ಪ್ರಯಾಣದ ಯೋಜನೆ ಬದಲಿಸಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನಿಂದ ಮಂಗಳೂರು, ಉಡುಪಿ, ಧರ್ಮಸ್ಥಳ, ಕುಕ್ಕೆ ಕಡೆಗೆ ಹೊರಟವರ ಲೆಕ್ಕ ತಪ್ಪುವುದು ಬಹುಪಾಲು ಒಂದೇ ಜಾಗದಲ್ಲಿ. ಇಡೀ ದಾರಿ ಮುನ್ನೂರೈವತ್ತು ಕಿಲೋಮೀಟರ್ ಇದ್ದರೂ, ಯೋಜನೆಯನ್ನು ಉಳಿಸುವುದೂ ಕೆಡಿಸುವುದೂ ಘಟ್ಟದ ಇಪ್ಪತ್ತು–ಮೂವತ್ತು ಕಿಲೋಮೀಟರ್ ಇಳಿಜಾರು. ಅಲ್ಲಿ ಗುಡ್ಡ ಜಾರಿದರೆ ರಸ್ತೆ ಕೆಲವು ಗಂಟೆಯಲ್ಲೂ ತೆರೆಯಬಹುದು, ಕೆಲವು ವಾರವೂ ಹಿಡಿಯಬಹುದು. ಬ್ಯಾರಿಕೇಡ್ ಮುಂದೆ ನಿಂತು "ಈಗೇನು ಮಾಡೋಣ" ಎಂದು ಯೋಚಿಸುವ ಹೊತ್ತಿಗೆ ಆಯ್ಕೆಗಳು ಮುಗಿದಿರುತ್ತವೆ. ಆದ್ದರಿಂದ ಯಾವ ಹೊತ್ತಿಗೆ, ಯಾವ ಊರಿನಲ್ಲಿ ನಿರ್ಧಾರ ಮಾಡುತ್ತೇವೆ ಎಂಬುದನ್ನು ಮನೆ ಬಿಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಯಾವುದು ನಿಜವಾದ ಪರ್ಯಾಯ, ಯಾವುದು ಅಲ್ಲ

ಕರಾವಳಿಗೆ ಇಳಿಯುವ ಮುಖ್ಯ ದಾರಿಗಳು ಇವು:

- ಶಿರಾಡಿ (ರಾಷ್ಟ್ರೀಯ ಹೆದ್ದಾರಿ 75): ಹಾಸನ–ಸಕಲೇಶಪುರ–ಗುಂಡ್ಯ–ಉಪ್ಪಿನಂಗಡಿ–ಬಿ.ಸಿ. ರೋಡ್
- ಚಾರ್ಮಾಡಿ (73): ಮೂಡಿಗೆರೆ–ಕೊಟ್ಟಿಗೆಹಾರ–ಉಜಿರೆ–ಬೆಳ್ತಂಗಡಿ
- ಸಂಪಾಜೆ (275): ಮೈಸೂರು–ಮಡಿಕೇರಿ–ಸುಳ್ಯ–ಪುತ್ತೂರು–ಮಾಣಿ
- ಕೆರೆಕಟ್ಟೆ ದಾರಿ (169): ಶೃಂಗೇರಿ–ಎಸ್.ಕೆ. ಬಾರ್ಡರ್–ಬಜಗೋಳಿ–ಕಾರ್ಕಳ
- ಆಗುಂಬೆ (169ಎ): ತೀರ್ಥಹಳ್ಳಿ–ಸೋಮೇಶ್ವರ–ಹೆಬ್ರಿ–ಉಡುಪಿ
- ಹುಲಿಕಲ್: ಹೊಸಂಗಡಿ–ಸಿದ್ದಾಪುರ–ಕುಂದಾಪುರ

ರೈಲು ಇಳಿಯುವುದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ. ಸುಮಾರು 55 ಕಿ.ಮೀ. ಉದ್ದಕ್ಕೆ 57 ಸುರಂಗಗಳು, 50 ಅಡಿಗೆ 1 ಅಡಿಯ ಇಳಿಜಾರು.

"ರಸ್ತೆ ಬಂದ್ ಆದರೆ ರೈಲಿದೆಯಲ್ಲ" ಎಂದುಕೊಂಡು ಮೋಸಹೋಗುವವರು ಬಹಳ. ಶಿರಾಡಿ ರಸ್ತೆ ಮತ್ತು ರೈಲು ಹಳಿ ಎರಡೂ ಸಕಲೇಶಪುರದ ಕೆಳಗಿನ ಅದೇ ಗುಡ್ಡಸಾಲಿನಲ್ಲಿ, ಅದೇ ಮಳೆಯಲ್ಲಿ ಇಳಿಯುತ್ತವೆ. 2024ರ ಜುಲೈಯಲ್ಲಿ ದೊಡ್ಡತಪ್ಪಲೆ ಬಳಿ ಶಿರಾಡಿ ರಸ್ತೆ ಮತ್ತೆ ಮತ್ತೆ ಕುಸಿಯಿತು. ಅದೇ ತಿಂಗಳ 26ರಂದು ಕಡಗರವಳ್ಳಿ–ಎಡಕುಮರಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ಸುಮಾರು ಎರಡು ವಾರ ನಿಂತಿತು. ಸಂಪಾಜೆ ಕಡೆಗೆ ತಿರುಗೋಣವೆಂದರೆ, ಮಡಿಕೇರಿ ಸಮೀಪದ ಕರ್ತೋಜಿಯಲ್ಲಿ ರಸ್ತೆಗೆ ಅಪಾಯವಿದೆ ಎಂದು ಅದೇ ದಿನಗಳಲ್ಲಿ ರಾತ್ರಿ ಸಂಚಾರ ನಿಲ್ಲಿಸಿದ್ದರು. 2018ರ ಆಗಸ್ಟ್‌ನಲ್ಲಂತೂ ಶಿರಾಡಿ, ಸಂಪಾಜೆ, ರೈಲು ಮೂರೂ ಒಟ್ಟಿಗೆ ಕೈಕೊಟ್ಟವು.

ಹೀಗಾಗಿ ಎರಡನೆಯ ದಾರಿ ಆರಿಸುವಾಗ ಮೊದಲ ದಾರಿಯಿಂದ ದೂರದ್ದನ್ನೇ ಆರಿಸಿ. ಶಿರಾಡಿಗೆ ಚಾರ್ಮಾಡಿ ಹತ್ತಿರದ ಪರ್ಯಾಯ. ಬರೀ ರಸ್ತೆ ದುರಸ್ತಿಗೆ ಶಿರಾಡಿ ಮುಚ್ಚಿದ್ದರೆ ಅದು ಸಾಕು. ಮಳೆಯಿಂದಲೇ ಮುಚ್ಚಿದ್ದರೆ ಚಾರ್ಮಾಡಿಯ ಮೇಲೂ ಅದೇ ಮೋಡ ನಿಂತಿರುತ್ತದೆ. ಆಗ ಕೆರೆಕಟ್ಟೆ, ಆಗುಂಬೆ ಅಥವಾ ವಿಮಾನ ನೋಡಬೇಕು. ಬಿಸಿಲೆ ಘಾಟಿಯನ್ನು ಮೊಬೈಲ್ ನಕ್ಷೆ ಧಾರಾಳವಾಗಿ ತೋರಿಸುತ್ತದೆ. ಅದು ಕಿರಿದಾದ ಕಾಡು ದಾರಿ, ಎದುರಿನಿಂದ ಲಾರಿ ಬಂದರೆ ಹಿಂದೆ ಸರಿಯಲು ಜಾಗವಿಲ್ಲ, ಮರ ಬಿದ್ದರೆ ಕೂಗಿ ಕರೆಯಲು ಸಿಗ್ನಲ್ ಇಲ್ಲ. ಜೋರು ಮಳೆಯಲ್ಲಿ ಅದನ್ನು ಪರ್ಯಾಯವೆಂದು ಎಣಿಸಲೇಬೇಡಿ.

ರೈಲಿಗೆ ಒಂದು ನಿಜವಾದ ಪರ್ಯಾಯ ಉಂಟು, ಬಹಳ ಮಂದಿಗೆ ಹೊಳೆಯುವುದಿಲ್ಲ. ಯಶವಂತಪುರ–ಕಣ್ಣೂರು ಎಕ್ಸ್‌ಪ್ರೆಸ್ (16527) ಸೇಲಂ, ಕೊಯಮತ್ತೂರು, ಪಾಲಕ್ಕಾಡ್ ಮೇಲೆ ಹೋಗುತ್ತದೆ. ಪಾಲಕ್ಕಾಡಿನಲ್ಲಿ ಘಟ್ಟಸಾಲೇ ತೆರೆದುಕೊಂಡಿರುವುದರಿಂದ ಸಕಲೇಶಪುರದಂಥ ಕಡಿದಾದ ಇಳಿಜಾರು ಅಲ್ಲಿಲ್ಲ. ರಾತ್ರಿ ಹತ್ತಿ ಬೆಳಿಗ್ಗೆ ಕಣ್ಣೂರಿನಲ್ಲಿ ಇಳಿದರೆ ಅಲ್ಲಿಂದ ಮಂಗಳೂರಿಗೆ ರೈಲಿನಲ್ಲಿ ಮೂರು ಗಂಟೆಯ ಆಸುಪಾಸು. ಸುತ್ತು ಹೆಚ್ಚು, ಆದರೆ ಊರು ಮುಟ್ಟುತ್ತೀರಿ. ಎರಡು ರೈಲು ಬದಲಿಸುವಾಗ ಎರಡೂ ಟಿಕೆಟ್ಟಿನಲ್ಲಿ ಪ್ರಯಾಣಿಕರ ವಿವರ ಒಂದೇ ಆಗಿರಲಿ, ಮತ್ತು ಬುಕ್ ಮಾಡುವಾಗಲೇ ಎರಡು ಪಿಎನ್‌ಆರ್‌ಗಳನ್ನು ಜೋಡಿಸಿ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಟಿಕೆಟ್ಟಿನ ಹಣ ಕೇಳಲು ಈ ಜೋಡಣೆಯೇ ಆಧಾರ.

ಎರಡು–ಮೂರು ವಾರ ಮುಂಚೆ: ಬದಲಿಸಲು ಬರುವಂತೆ ಬುಕ್ ಮಾಡಿ

ಮೊದಲಿಗೆ ಪ್ರಯಾಣದ ಕಾರಣವನ್ನು ತೂಗಿ. ಮದುವೆ, ಪರೀಕ್ಷೆ, ಸಂದರ್ಶನ, ಮಣಿಪಾಲ ಅಥವಾ ಮಂಗಳೂರಿನಲ್ಲಿ ಆಪರೇಷನ್ ಇದ್ದರೆ ದಿನ ಬದಲಾಗದು. ಅಂಥದ್ದಕ್ಕೆ ಒಂದು ದಿನ ಮೊದಲೇ ತಲುಪುವಂತೆ ಹೊರಡಿ. ಮಂಗಳೂರಿನಿಂದ ದುಬೈಗೋ ಮಸ್ಕತ್‌ಗೋ ಹಾರುವವರು, ಕರಾವಳಿಯಿಂದ ಬೆಂಗಳೂರಿಗೆ ಬಂದು ವಿದೇಶಕ್ಕೆ ಹೊರಡುವವರು ಕೂಡ ಹಾಗೆಯೇ. ಒಂದು ರಾತ್ರಿಯ ಲಾಡ್ಜ್ ಖರ್ಚು ತಪ್ಪಿದ ಅಂತರರಾಷ್ಟ್ರೀಯ ವಿಮಾನದ ಮುಂದೆ ಏನೂ ಅಲ್ಲ. ದೇವಸ್ಥಾನ, ಜಲಪಾತ, ಕಡಲ ತೀರದ ಪ್ರವಾಸವಾದರೆ ದಿನ ಬದಲಿಸುವುದೇ ಮೊದಲ ಆಯ್ಕೆಯಾಗಲಿ, ದಾರಿ ಬದಲಿಸುವುದು ಎರಡನೆಯದು.

ರೈಲು ಮುಂಗಡ ಬುಕಿಂಗ್ ಈಗ 60 ದಿನಗಳ ಮೊದಲು ತೆರೆಯುತ್ತದೆ. ಘಟ್ಟದ ರೈಲುಗಳಿಗೆ ಸಾಮಾನ್ಯ ಕೋಟಾದಲ್ಲೇ ಟಿಕೆಟ್ ಮಾಡಿಸಿ. ಖಚಿತವಾದ ತತ್ಕಾಲ್ ಟಿಕೆಟ್ಟನ್ನು ನೀವಾಗಿ ರದ್ದು ಮಾಡಿದರೆ ಒಂದು ಪೈಸೆಯೂ ಬರುವುದಿಲ್ಲ. ತತ್ಕಾಲ್ ಅನ್ನು ತುರ್ತಿಗೆ ಇಟ್ಟುಕೊಳ್ಳಿ: ಹೊರಡುವ ಹಿಂದಿನ ದಿನ ಎ.ಸಿ. ದರ್ಜೆಗೆ ಬೆಳಿಗ್ಗೆ 10ಕ್ಕೆ, ಉಳಿದವಕ್ಕೆ 11ಕ್ಕೆ ತೆರೆಯುತ್ತದೆ. ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಬೇಕು. ಅದನ್ನು ಆ ಬೆಳಿಗ್ಗೆ ಮಾಡಲು ಹೋಗಿ ಸೀಟು ಕಳೆದುಕೊಳ್ಳಬೇಡಿ, ಈಗಲೇ ಮುಗಿಸಿ.

ಬಸ್ಸಿನ ವಿಷಯದಲ್ಲಿ ಗಾತ್ರ ಮುಖ್ಯ. ಶಿರಾಡಿ ಮುಚ್ಚಿದಾಗ ಉದ್ದದ ಮಲ್ಟಿ ಆಕ್ಸಲ್ ಬಸ್ಸುಗಳು ಆಗುಂಬೆ, ಚಾರ್ಮಾಡಿ ತಿರುವುಗಳಲ್ಲಿ ಇಳಿಯಲಾಗದೆ ರದ್ದಾಗುತ್ತವೆ ಅಥವಾ ಬಹಳ ಸುತ್ತು ಹಾಕುತ್ತವೆ. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಕೆಂಪು ಬಸ್ಸುಗಳಿಗೆ ಅಂಥ ದಿನಗಳಲ್ಲೂ ದಾರಿ ಸಿಗುವ ಸಾಧ್ಯತೆ ಹೆಚ್ಚು. ಆರಾಮ ಕಡಿಮೆಯಾದರೂ, ತಲುಪಲೇಬೇಕಾದವರು ಅದನ್ನೇ ನೋಡುವುದು ಒಳ್ಳೆಯದು. ರಾತ್ರಿ ಬಸ್ಸಿಗಿಂತ ಬೆಳಗಿನ ಬಸ್ಸು ಲೇಸು, ಏಕೆಂದರೆ ಘಾಟಿಗಳಲ್ಲಿ ಮೊದಲು ನಿಲ್ಲುವುದು ರಾತ್ರಿ ಸಂಚಾರವೇ.

ಹೋಂಸ್ಟೇ, ರೆಸಾರ್ಟ್‌ಗೆ ಮುಂಗಡ ಕೊಡುವ ಮುನ್ನ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಿ ಬರಹದಲ್ಲಿ ಪಡೆಯಿರಿ. ರಸ್ತೆ ಮುಚ್ಚಿ ನಾವು ಬರಲಾಗದಿದ್ದರೆ ದಿನ ಮುಂದೂಡಿ ಕೊಡುತ್ತೀರಾ, ಎಷ್ಟು ತಿಂಗಳವರೆಗೆ? ಜಿಲ್ಲಾಧಿಕಾರಿ ಪ್ರವಾಸಿಗರಿಗೆ ನಿರ್ಬಂಧ ಹೇರಿದರೆ ಹಣ ವಾಪಸ್ಸೇ? ಇವೆರಡೂ ಬೇರೆ ಬೇರೆ ಸಂದರ್ಭ. ಹಣ ವಾಪಸ್ ಕೊಡಲು ಹಿಂದೆಮುಂದೆ ನೋಡುವವರು ದಿನ ಬದಲಿಸಲು ಸಾಮಾನ್ಯವಾಗಿ ಒಪ್ಪುತ್ತಾರೆ. ಅವರಿಗೂ ಮಳೆಗಾಲವೇ ಕಷ್ಟದ ಕಾಲ, ಅದನ್ನು ಅರಿತು ಮಾತಾಡಿದರೆ ಕೆಲಸ ಆಗುತ್ತದೆ.

ವಿಮೆ ಮಾಡಿಸುವುದಿದ್ದರೆ ಇದೇ ಹಂತದಲ್ಲಿ. ಎಚ್ಚರಿಕೆ ಹೊರಬಿದ್ದ ಮೇಲೆ ಕೊಂಡ ಪಾಲಿಸಿ ಆಗಲೇ ಗೊತ್ತಿದ್ದ ಅಪಾಯಕ್ಕೆ ಹಣ ಕೊಡುವುದಿಲ್ಲ. ರೈಲು ಟಿಕೆಟ್ ಜೊತೆ ಪೈಸೆಗಳ ಲೆಕ್ಕದಲ್ಲಿ ಸಿಗುವ ವಿಮೆ ಅಪಘಾತಕ್ಕೆ ಮಾತ್ರ. ರೈಲು ರದ್ದಾದ ನಷ್ಟಕ್ಕೆ ಅಲ್ಲ.

ಐದು ದಿನ ಮುಂಚೆ: ಮಳೆಯನ್ನು ಓದುವುದು

ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆಯನ್ನು ಇಂದಿನಿಂದ ದಿನವೂ ನೋಡಿ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಮಳೆಯಾದರೆ "ಭಾರೀ", 115.6ರಿಂದ 204.4ರವರೆಗೆ "ಅತಿ ಭಾರೀ", ಅದಕ್ಕಿಂತ ಹೆಚ್ಚಾದರೆ "ಅತ್ಯಂತ ಭಾರೀ". ಈ 24 ಗಂಟೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಎಂಬುದನ್ನು ನೆನಪಿಡಿ, ರಾತ್ರಿ ಬಿದ್ದ ಮಳೆ ಮರುದಿನದ ಲೆಕ್ಕದಲ್ಲಿ ಕಾಣಿಸುತ್ತದೆ.

ಬೆಂಗಳೂರಿನ ಆಕಾಶ ನೋಡಿ ಏನೂ ತಿಳಿಯದು. ಕರಾವಳಿಯ ಮುನ್ಸೂಚನೆಯೂ ಒಂದೇ ಸಾಲದು. ನೋಡಬೇಕಾದ್ದು ಘಟ್ಟದ ಮೇಲಿನ ತಾಲ್ಲೂಕುಗಳನ್ನು: ಸಕಲೇಶಪುರ, ಮೂಡಿಗೆರೆ, ಮಡಿಕೇರಿ, ಶೃಂಗೇರಿ, ತೀರ್ಥಹಳ್ಳಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ. ಅದರ ನಕ್ಷೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಒಂದು ದಿನದ ಮಳೆಗಿಂತ ಹಿಂದಿನ ಮೂರು–ನಾಲ್ಕು ದಿನಗಳ ಮೊತ್ತಕ್ಕೆ ಹೆಚ್ಚು ಬೆಲೆ ಕೊಡಿ. ರಸ್ತೆ ಅಗಲಿಸಲು ಗುಡ್ಡವನ್ನು ಹೆಚ್ಚುಕಡಿಮೆ ನೇರವಾಗಿ ಕಡಿದಿರುತ್ತಾರೆ. ಸಡಿಲ ಮಣ್ಣು ದಿನಗಟ್ಟಲೆ ನೀರು ಕುಡಿದು ಭಾರವಾಗುತ್ತದೆ, ಒಳಗೆ ನೀರಿನ ಒತ್ತಡ ಏರುತ್ತದೆ, ಕಣಗಳ ಹಿಡಿತ ತಪ್ಪುತ್ತದೆ. ಆಮೇಲೆ ಸಣ್ಣ ಮಳೆ ಸಾಕು, ಧರೆ ಕುಸಿಯುತ್ತದೆ. ಮಳೆ ನಿಂತ ಮರುದಿನ ಬಿಸಿಲು ಬಂತೆಂದು ಹೊರಟವರ ಮುಂದೆಯೇ ಗುಡ್ಡ ಜಾರುವುದು ಇದೇ ಕಾರಣಕ್ಕೆ. ಸತತ ಭಾರೀ ಮಳೆಯ ನಂತರ ಎರಡು ದಿನವಾದರೂ ಮಳೆ ಇಳಿಮುಖವಾದ ಮೇಲೆ ಘಟ್ಟಕ್ಕೆ ಹೋಗುವುದು ಸರಿ.

ಹಿಂದಿನ ದಿನ: ಆದೇಶಗಳು ಎಲ್ಲಿ ಬರುತ್ತವೆ

ಪ್ರತಿ ಘಾಟಿಯೂ ಎರಡು ಜಿಲ್ಲೆಗಳ ನಡುವೆ ಇದೆ, ಆದ್ದರಿಂದ ಇಬ್ಬರು ಜಿಲ್ಲಾಧಿಕಾರಿಗಳ ಆದೇಶ ನೋಡಬೇಕು. ಶಿರಾಡಿಗೆ ಹಾಸನ ಮತ್ತು ದಕ್ಷಿಣ ಕನ್ನಡ, ಚಾರ್ಮಾಡಿಗೆ ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ, ಸಂಪಾಜೆಗೆ ಕೊಡಗು ಮತ್ತು ದಕ್ಷಿಣ ಕನ್ನಡ, ಆಗುಂಬೆಗೆ ಶಿವಮೊಗ್ಗ ಮತ್ತು ಉಡುಪಿ. ಮಂಗಳೂರಿನ ಸುದ್ದಿ ಮಾತ್ರ ನೋಡಿದವರಿಗೆ ಹಾಸನದ ಆದೇಶ ತಪ್ಪಿಹೋಗುತ್ತದೆ.

ಆದೇಶ ಓದುವಾಗ ಮೂರು ಸಂಗತಿ ಗಮನಿಸಿ: ಯಾವ ವಾಹನಕ್ಕೆ (ಭಾರೀ ವಾಹನಕ್ಕೆ ಮಾತ್ರವೇ, ಎಲ್ಲಕ್ಕೂ ಉಂಟೇ), ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಯಾವ ದಿನಾಂಕದವರೆಗೆ. "ಘಾಟಿ ಬಂದ್" ಎಂಬ ಶೀರ್ಷಿಕೆಯ ಕೆಳಗೆ ಅನೇಕ ಸಲ ಇರುವುದು ಲಾರಿಗಳಿಗೆ ಮಾತ್ರದ ನಿರ್ಬಂಧ. ಆದೇಶ ಸಂಖ್ಯೆ, ದಿನಾಂಕ ಇಲ್ಲದ ಫೋಟೊ ನಂಬಬೇಡಿ. ಹಳೆಯ ವರ್ಷದ ಕುಸಿತದ ವಿಡಿಯೊಗಳು ಪ್ರತಿ ಮಳೆಗಾಲದಲ್ಲೂ ಹೊಸದೆಂಬಂತೆ ತಿರುಗುತ್ತವೆ. ಅನುಮಾನವಿದ್ದರೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ. ಬೇರೆ ಜಿಲ್ಲೆಯಲ್ಲಿ ನಿಂತು ಕರೆ ಮಾಡುವಾಗ ಆ ಜಿಲ್ಲೆಯ ಎಸ್‌ಟಿಡಿ ಕೋಡ್ ಮೊದಲು ಹಾಕಿ: ಹಾಸನ 08172, ಮಂಗಳೂರು 0824, ಮಡಿಕೇರಿ 08272. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ರೈಲಿಗೆ 139, ತುರ್ತಿಗೆ 112.

ಘಟ್ಟದ ಮೇಲಿನ ತಾಲ್ಲೂಕಿನ ಶಾಲೆಗಳಿಗೆ ರಜೆ ಘೋಷಣೆಯಾಗಿದೆಯೇ ಎಂಬುದನ್ನೂ ನೋಡಿ. ಸ್ಥಳೀಯ ಆಡಳಿತಕ್ಕೆ ರಸ್ತೆಯ ಸ್ಥಿತಿ ಹೇಗೆ ಕಾಣುತ್ತಿದೆ ಎಂಬುದಕ್ಕೆ ಅಷ್ಟು ಒಳ್ಳೆಯ ಸೂಚನೆ ಬೇರಿಲ್ಲ.

ಈ ರಾತ್ರಿ ಒಂದು ನಿರ್ಧಾರ ಬರೆದಿಡಿ. ಉದಾಹರಣೆಗೆ: "ರಾತ್ರಿ 8ಕ್ಕೆ ಹಾಸನ ಅಥವಾ ದಕ್ಷಿಣ ಕನ್ನಡಕ್ಕೆ ರೆಡ್ ಅಲರ್ಟ್ ಇದ್ದರೆ ನಾಳೆ ಹೊರಡುವುದಿಲ್ಲ. ಆರೆಂಜ್ ಇದ್ದರೆ ಬೆಳಿಗ್ಗೆ 5ಕ್ಕೆ ಹೊರಟು ಮಧ್ಯಾಹ್ನದೊಳಗೆ ಘಾಟಿ ಇಳಿಯುವುದು." ಮನೆಮಂದಿಯೆಲ್ಲ ಒಪ್ಪಿ ಬರೆದಿಟ್ಟರೆ ದಾರಿಯಲ್ಲಿ ವಾದ ಇರುವುದಿಲ್ಲ.

ರೈಲು ಟಿಕೆಟ್: ಅವಸರಪಟ್ಟು ರದ್ದು ಮಾಡಬೇಡಿ

ಹಣ ಹೆಚ್ಚು ಕಳೆದುಹೋಗುವುದು ಇಲ್ಲಿ. ಕುಸಿತದ ಸುದ್ದಿ ಕೇಳಿದ ಕೂಡಲೇ ಆ್ಯಪ್ ತೆಗೆದು ಟಿಕೆಟ್ ರದ್ದು ಮಾಡಿದರೆ ಅದು ನೀವೇ ಮಾಡಿದ ರದ್ದತಿ, ಸಾಮಾನ್ಯ ಕಡಿತವೆಲ್ಲ ಬೀಳುತ್ತದೆ. ರೈಲ್ವೆಯೇ ರೈಲನ್ನು ರದ್ದು ಮಾಡಿದರೆ ಪೂರ್ತಿ ಹಣ ವಾಪಸ್. ಇ–ಟಿಕೆಟ್ ಆಗಿದ್ದರೆ ನೀವು ಏನನ್ನೂ ಮಾಡಬೇಕಿಲ್ಲ, ಹಣ ತಾನಾಗಿ ಖಾತೆಗೆ ಬರುತ್ತದೆ. ಕೌಂಟರ್ ಟಿಕೆಟ್ಟಾದರೆ ಮೂರು ದಿನದೊಳಗೆ ಕೌಂಟರಿಗೆ ಕೊಡಬೇಕು. ಹಾಗಾಗಿ ಎನ್‌ಟಿಇಎಸ್ (ರೈಲುಗಳ ಸ್ಥಿತಿ ತೋರಿಸುವ ರೈಲ್ವೆಯ ಆ್ಯಪ್) ಅಥವಾ 139ರಲ್ಲಿ ನಿಮ್ಮ ರೈಲಿನ ಸಂಖ್ಯೆ ಹಾಕಿ, ಅಂದಿನ ದಿನಾಂಕಕ್ಕೆ ಅದು ರದ್ದೋ, ಮಾರ್ಗ ಬದಲೋ, ಅರ್ಧಕ್ಕೆ ನಿಲ್ಲುವುದೋ ಎಂದು ಖಚಿತಪಡಿಸಿಕೊಂಡು ಮುಂದುವರಿಯಿರಿ.

ಮಾರ್ಗ ಬದಲಾಗಿ ನೀವು ಹೋಗಲು ಬಯಸದಿದ್ದರೆ, ನಿಗದಿತ ಹೊರಡುವ ಸಮಯದಿಂದ 72 ಗಂಟೆಯೊಳಗೆ ಟಿಡಿಆರ್ (ಟಿಕೆಟ್ ಹಣ ವಾಪಸ್ ಕೇಳುವ ಅರ್ಜಿ) ಹಾಕಿ. ಕಾರಣದ ಪಟ್ಟಿಯಲ್ಲಿ ಸರಿಯಾದ ಸಾಲನ್ನೇ ಆರಿಸಬೇಕು. ತಪ್ಪು ಕಾರಣ ಆರಿಸಿದ್ದಕ್ಕೇ ತಿರಸ್ಕೃತವಾಗುವ ಅರ್ಜಿಗಳಿವೆ.

ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಹತ್ತದಿದ್ದರೆ ತತ್ಕಾಲ್ ಟಿಕೆಟ್ಟಿಗೂ ಪೂರ್ತಿ ಹಣ ಸಿಗುತ್ತದೆ. ಆದರೆ ರೈಲು ನಿಜವಾಗಿ ಹೊರಡುವುದಕ್ಕೆ ಮುಂಚೆಯೇ ಟಿಡಿಆರ್ ಹಾಕಿರಬೇಕು. ಇಲ್ಲೊಂದು ತೊಡಕಿದೆ: ಈ ಮೂರು ಗಂಟೆ ನೀವು ಹತ್ತುವ ನಿಲ್ದಾಣದ ಲೆಕ್ಕ. ಬೆಂಗಳೂರಿನಿಂದ ಹೊರಡುವ ರೈಲು ಅಲ್ಲಿಂದ ಸಮಯಕ್ಕೇ ಹೊರಟು ಸಕಲೇಶಪುರದಲ್ಲಿ ಐದು ಗಂಟೆ ನಿಂತರೆ ಆ ನಿಯಮ ನೆರವಿಗೆ ಬರದು. ರೈಲು ಅಲ್ಲೇ ಕೊನೆಗೊಂಡರೆ ರೈಲ್ವೆ ಬಸ್ ವ್ಯವಸ್ಥೆ ಮಾಡಿದೆಯೇ ಕೇಳಿ. ಇಲ್ಲದಿದ್ದರೆ ಟಿಟಿಇ ಅಥವಾ ಸ್ಟೇಷನ್ ಮಾಸ್ಟರರಿಂದ ಬರಹದಲ್ಲಿ ಪಡೆದು ಟಿಡಿಆರ್ ಹಾಕಿ, ನಿಲ್ದಾಣದ ಬೋರ್ಡಿನ ಫೋಟೊ ಇಟ್ಟುಕೊಳ್ಳಿ.

ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಇರುತ್ತದೆ, ವೇಗ ತಗ್ಗಿಸುತ್ತಾರೆ. ಕಾರವಾರ, ಗೋವಾ, ಮುಂಬೈ ಕಡೆಯ ಮುಂದಿನ ರೈಲು ಹಿಡಿಯುವವರು ಹಳೆಯ ಸಮಯ ನಂಬಿ ಮಂಗಳೂರಿನಲ್ಲಿ ಇಳಿಯಬಾರದು.

ವಿಮಾನ

ಮಂಗಳೂರು ವಿಮಾನ ನಿಲ್ದಾಣ ಇರುವ ಬಜ್ಪೆಯದು ಗುಡ್ಡದ ಮೇಲಿನ ರನ್‌ವೇ. ಮೋಡ ಇಳಿದರೆ ವಿಮಾನಗಳು ಬೆಂಗಳೂರಿಗೋ ಕೇರಳದ ನಿಲ್ದಾಣಗಳಿಗೋ ತಿರುಗುತ್ತವೆ. ದಿನದ ಕೊನೆಯ ವಿಮಾನ ಬುಕ್ ಮಾಡಬೇಡಿ. ಅದೇ ಕಂಪನಿಯ ಇನ್ನೊಂದು ವಿಮಾನ ಅಂದೇ ಆಮೇಲೆ ಇರುವಂಥದ್ದನ್ನು ಆರಿಸಿ, ಏಕೆಂದರೆ ರದ್ದಾದಾಗ ಕಂಪನಿ ಮೊದಲು ಕೊಡುವುದು ತನ್ನದೇ ಮುಂದಿನ ವಿಮಾನವನ್ನು. ಕಂಪನಿ ರದ್ದು ಮಾಡಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಎರಡರಲ್ಲಿ ಒಂದನ್ನು ಆರಿಸುವ ಹಕ್ಕು ನಿಮ್ಮದು. ಆರು ಗಂಟೆಗಿಂತ ಹೆಚ್ಚಿನ ವಿಳಂಬಕ್ಕೂ ಇದೇ. ಈ ಚಿಕ್ಕ ಹಾರಾಟಕ್ಕೆ ಎರಡು ಗಂಟೆ ತಡವಾದರೆ ತಿಂಡಿ, ಊಟ ಕೇಳಿ ಪಡೆಯಬಹುದು. ಹವಾಮಾನದಿಂದಾದ ರದ್ದತಿಗೆ ಹೆಚ್ಚುವರಿ ಪರಿಹಾರಧನ ಸಿಗುವುದಿಲ್ಲ; ಅದನ್ನೇ ಕಾರಣವಾಗಿಟ್ಟು ಟಿಕೆಟ್ ಹಣವನ್ನೂ ನಿರಾಕರಿಸಿದರೆ ಒಪ್ಪಬೇಡಿ. ನೀವಾಗಿ ರದ್ದು ಮಾಡಿದ, "ಹಣ ವಾಪಸ್ ಇಲ್ಲ" ಎಂಬ ಟಿಕೆಟ್ಟಿನಲ್ಲೂ ವಿಮಾನ ನಿಲ್ದಾಣ ಶುಲ್ಕ ಮತ್ತು ತೆರಿಗೆ ಮರಳಬೇಕು. ಕೇಳುವವರು ಕಡಿಮೆ, ನೀವು ಕೇಳಿ.

ಕಾರಿನಲ್ಲಿ: ತಿರುಗಬಹುದಾದ ಊರುಗಳು

ಮೊದಲ ನಿರ್ಧಾರ ಬೆಂಗಳೂರಿನಲ್ಲೇ: ನೆಲಮಂಗಲದ ದಾರಿಯೋ ಮೈಸೂರು ದಾರಿಯೋ. ಸಂಪಾಜೆ ಮೇಲೆ ಹೋದರೆ ಒಟ್ಟು ಸುಮಾರು 400 ಕಿ.ಮೀ. ಆಗುತ್ತದೆ.

ಎರಡನೆಯದು ಹಾಸನ, ಎಲ್ಲಕ್ಕಿಂತ ಮುಖ್ಯವಾದದ್ದು. ಟ್ಯಾಂಕ್ ತುಂಬಿಸಿ, ಅರ್ಧ ಗಂಟೆ ನಿಂತು ಎಲ್ಲ ಸುದ್ದಿ ನೋಡಿ. ಇಲ್ಲಿಂದ ಬೇಲೂರು–ಮೂಡಿಗೆರೆ–ಚಾರ್ಮಾಡಿ, ಬೇಲೂರು–ಚಿಕ್ಕಮಗಳೂರು–ಬಾಳೆಹೊನ್ನೂರು–ಶೃಂಗೇರಿ–ಕಾರ್ಕಳ, ಅರಕಲಗೂಡು–ಕುಶಾಲನಗರ–ಮಡಿಕೇರಿ, ಮೂರೂ ಕಡೆಗೆ ತಿರುಗಬಹುದು. ಕೆರೆಕಟ್ಟೆಯಿಂದ ಆಚೆಗಿನದು ಕುದುರೆಮುಖ ಕಾಡಿನ ದಾರಿ. ಪೆಟ್ರೋಲು, ಊಟ ಶೃಂಗೇರಿಯಲ್ಲೇ ಮುಗಿಸಿ.

ಮೂರನೆಯದು ಸಕಲೇಶಪುರ. ಹಾನುಬಾಳು–ಜನ್ನಾಪುರ ಮೇಲೆ ಮೂಡಿಗೆರೆಗೆ ತಿರುಗಲು ಇದು ಕೊನೆಯ ಅವಕಾಶ. ದೋಣಿಗಾಲ್ ದಾಟಿದ ಮೇಲೆ ಆಯ್ಕೆಯಿಲ್ಲ, ಮುಂದೆ ಇಳಿಯುವುದು ಅಥವಾ ಪೂರ್ತಿ ಹಿಂದಕ್ಕೆ ಬರುವುದು ಅಷ್ಟೇ. ಮಧ್ಯಾಹ್ನ 3 ದಾಟಿ ಮಳೆ ಜೋರಾಗಿದ್ದರೆ ಸಕಲೇಶಪುರದಲ್ಲೋ ಹಾಸನದಲ್ಲೋ ಕೋಣೆ ಹಿಡಿಯಿರಿ. ಎಲ್ಲರೂ ಸಿಕ್ಕಿಬಿದ್ದ ಮೇಲೆ ರಾತ್ರಿ 9ಕ್ಕೆ ಕೋಣೆ ಸಿಗುವುದಿಲ್ಲ.

ಕಾರಿನಲ್ಲಿ ಇರಬೇಕಾದ್ದು: ತಲೆಗೆ ಎರಡು ಲೀಟರ್ ನೀರು, ಒಂದು ಹೊತ್ತಿನ ಒಣ ತಿಂಡಿ, ಮೂರು ದಿನದ ಮಾತ್ರೆ, ಟಾರ್ಚ್, ತುಂಬಿದ ಪವರ್ ಬ್ಯಾಂಕ್, ಚಿಲ್ಲರೆ ಸಹಿತ ಎರಡು–ಮೂರು ಸಾವಿರ ನಗದು, ಇಂಟರ್ನೆಟ್ ಇಲ್ಲದೆ ತೆರೆಯುವ ನಕ್ಷೆ. ವೈಪರ್ ರಬ್ಬರ್ ಹೊಸದಿರಲಿ. ಟೈರಿನ ಹಲ್ಲು ಕಾನೂನಿಗೆ 1.6 ಮಿ.ಮೀ. ಸಾಕು, ಮಳೆ ಘಾಟಿಗೆ 3 ಮಿ.ಮೀ. ಬೇಕು.

ಘಾಟಿಯ ಒಳಗೆ

ಎರಡು–ಮೂರನೆಯ ಗೇರಿನಲ್ಲೇ ಇಳಿಯಿರಿ. ಬರೀ ಬ್ರೇಕ್ ಒತ್ತಿದರೆ ಅದು ಬಿಸಿಯಾಗಿ ಹಿಡಿಯದು. ಮಂಜಿನಲ್ಲಿ ಲೋ ಬೀಮ್. ಓಡುವಾಗ ಹಜಾರ್ಡ್ ದೀಪ ಹಾಕಬೇಡಿ, ತಿರುಗುವ ಸೂಚನೆ ಹಿಂದಿನವರಿಗೆ ತಿಳಿಯುವುದಿಲ್ಲ.

ಅಪಾಯದ ಚಿಹ್ನೆಗಳು: ಧರೆಯಿಂದ ಸಣ್ಣ ಕಲ್ಲುಗಳು ಉದುರುವುದು, ತಿಳಿಯಾಗಿ ಹರಿಯುತ್ತಿದ್ದ ನೀರು ಒಮ್ಮೆಲೇ ಕೆಂಪಾಗುವುದು, ಹರಿಯುತ್ತಿದ್ದ ತೊರೆ ಥಟ್ಟನೆ ನಿಲ್ಲುವುದು (ಮೇಲೆಲ್ಲೋ ಕಟ್ಟಿಕೊಂಡಿದೆ ಎಂದರ್ಥ), ವಾಲಿದ ಮರ ಅಥವಾ ಕಂಬ, ಕಣಿವೆ ಬದಿಯ ರಸ್ತೆಯಲ್ಲಿ ಉದ್ದುದ್ದ ಬಿರುಕು. ಇವುಗಳಲ್ಲಿ ಒಂದು ಕಂಡರೂ ಅಲ್ಲಿ ನಿಲ್ಲದೆ ಸುರಕ್ಷಿತ ದಿಕ್ಕಿಗೆ ಸಾಗಿ.

ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ. ಒಂದಡಿ ನೀರು ಅನೇಕ ಕಾರುಗಳನ್ನು ತೇಲಿಸಬಲ್ಲದು, ಎರಡಡಿ ಕೊಚ್ಚಿಕೊಂಡು ಹೋಗುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ನುಗ್ಗಿದ ನೀರು ಒತ್ತಲ್ಪಡದೆ ಒಳಭಾಗ ಮುರಿಯುತ್ತದೆ.

ಮುಂದೆ ವಾಹನಗಳು ನಿಂತಿದ್ದರೆ ದಯವಿಟ್ಟು ಒಂದೇ ಸಾಲಿನಲ್ಲಿ ನಿಲ್ಲಿ. ಬಲಕ್ಕೆ ನುಗ್ಗಿ ಎರಡನೆಯ ಸಾಲು ಮಾಡಿದವರಿಂದಲೇ ಜೆಸಿಬಿ, ಆಂಬುಲೆನ್ಸ್ ಮುಂದೆ ಹೋಗಲಾಗದೆ ಒಂದು ಗಂಟೆಯ ಕೆಲಸ ಇಡೀ ರಾತ್ರಿಯಾಗುತ್ತದೆ. ಕಡಿದ ಧರೆಯ ಕೆಳಗೆ ನಿಲ್ಲಿಸಬೇಡಿ, ಕುಸಿತ ನೋಡಲು ನಡೆದುಹೋಗಬೇಡಿ. ಒಮ್ಮೆ ಜಾರಿದ ಜಾಗ ಮತ್ತೆ ಜಾರುತ್ತದೆ. 2024ರಲ್ಲಿ ದೊಡ್ಡತಪ್ಪಲೆಯಲ್ಲಿ ಆದದ್ದೂ ಹಾಗೆಯೇ.

ವಾಪಸ್ ಬರುವಾಗ

ಹೋಗುವ ದಾರಿಗೆ ಇಷ್ಟೆಲ್ಲ ನೋಡಿದವರು ಬರುವ ದಾರಿಯನ್ನು ಮರೆಯುತ್ತಾರೆ. ಸೋಮವಾರ ಆಫೀಸಿದೆ ಎಂದು ಭಾನುವಾರ ರಾತ್ರಿ ಘಟ್ಟ ಹತ್ತುವುದೇ ಅತಿ ಅಪಾಯದ ಯೋಜನೆ. ಭಾನುವಾರ ಬೆಳಿಗ್ಗೆಯೇ ಹೊರಡಿ, ಅಥವಾ ಸೋಮವಾರಕ್ಕೂ ಮೊದಲೇ ರಜೆ ಹೇಳಿಡಿ. ಮಂಗಳೂರಿನಿಂದ ಬರುವಾಗ ತಿರುಗುವ ಜಾಗಗಳು ಮೂರು. ಬಿ.ಸಿ. ರೋಡಿನಲ್ಲಿ ಬೆಳ್ತಂಗಡಿ–ಚಾರ್ಮಾಡಿ ಕವಲೊಡೆಯುತ್ತದೆ, ಮಾಣಿಯಲ್ಲಿ ಪುತ್ತೂರು–ಸಂಪಾಜೆ, ಉಪ್ಪಿನಂಗಡಿಯಿಂದ ಬೆಳ್ತಂಗಡಿಗೆ ಇನ್ನೊಂದು ಅಡ್ಡದಾರಿ. ಗುಂಡ್ಯ ದಾಟುವ ಮುನ್ನ, ಉಪ್ಪಿನಂಗಡಿಯಲ್ಲಿ ಸಿಗ್ನಲ್ ಚೆನ್ನಾಗಿರುವಾಗಲೇ ಹಾಸನ ಜಿಲ್ಲೆಯ ಅಂದಿನ ಆದೇಶವನ್ನು ಮತ್ತೊಮ್ಮೆ ನೋಡಿಕೊಳ್ಳಿ.